ಮೂರು ಸ್ವರಗಳ ಒಪ್ಪಂದ

ಪಿಯಾನೊ ಕಲಿಯಲು ಹೋದ ಮಗುವಿಗೆ ಮೊದಲ ವಾರಗಳಲ್ಲೇ ಒಂದು ಪಾಠ ಸಿಗುತ್ತದೆ. ಪಿಯಾನೊದ ಕಪ್ಪು ಮನೆಗಳು ಎರಡರದೊಂದು ಗುಂಪು, ಮೂರರದೊಂದು ಗುಂಪು ಎಂದು ಬಿಡಿಬಿಡಿಯಾಗಿ ಕೂತಿರುತ್ತವಷ್ಟೆ. ಎರಡರ ಗುಂಪಿಗೆ ಎಡಗಡೆ ಅಂಟಿಕೊಂಡಿರುವ ಬಿಳಿ ಮನೆಯ ಹೆಸರು ಸಿ. ಅದರ ಮೇಲೆ ಬಲಗೈಯ ಹೆಬ್ಬೆರಳು. ಒಂದು ಬಿಳಿ ಮನೆ ಬಿಟ್ಟರೆ ಇ. ಅದರ ಮೇಲೆ ನಡುಬೆರಳು. ಇನ್ನೊಂದು ಬಿಟ್ಟರೆ ಜಿ. ಅದರ ಮೇಲೆ ಕಿರುಬೆರಳು. ಮೂರನ್ನೂ ಒಮ್ಮೆಲೇ ಒತ್ತಿದರೆ ತುಂಬಿದ, ನೆಮ್ಮದಿಯ ನಾದವೊಂದು ಏಳುತ್ತದೆ. ಇದೇ ಸಿ ಮೇಜರ್ ಕಾರ್ಡ್. ಸಿ ಎಂಬುದನ್ನು ಷಡ್ಜವೆಂದು ಇಟ್ಟುಕೊಂಡರೆ ನಮ್ಮ ಲೆಕ್ಕದಲ್ಲಿ ಇದು ಸ, ಗ, ಪ. ಗಾಂಧಾರ ಇಲ್ಲಿ ಅಂತರ ಗಾಂಧಾರ.

ಐದು ನಿಮಿಷದಲ್ಲಿ ಕಲಿಯಬಹುದಾದ ಈ ಪಾಠದ ಹಿಂದೆ ಐದಾರು ಶತಮಾನಗಳ ಜಗಳ, ಲೆಕ್ಕಾಚಾರ, ರಾಜಿ ಎಲ್ಲವೂ ಇವೆ. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಮಗು ಒತ್ತಿದ ಮೂರು ಸ್ವರಗಳಲ್ಲಿ ನಡುವಿನದು ಸರಿಯಾದ ಜಾಗದಲ್ಲಿಲ್ಲ. ಶ್ರುತಿ ಮಾಡಿದವನು ಮರೆತದ್ದಲ್ಲ. ಬೇಕೆಂದೇ ಅದನ್ನು ತುಸು ಏರಿಸಿಟ್ಟಿದ್ದಾನೆ. ಯಾಕೆ ಹೀಗೆ ಮಾಡಿದರು, ಅದರಿಂದ ಸಿಕ್ಕಿದ್ದೇನು, ಕಳೆದುಕೊಂಡದ್ದೇನು ಎಂದು ಹುಡುಕುತ್ತ ಹೋದರೆ ಪಾಶ್ಚಾತ್ಯ ಸಂಗೀತದ ಅರ್ಧ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ನಾಲ್ಕು ಮತ್ತು ಮೂರು

ಮೊದಲು ಪಾಠವನ್ನೇ ಮುಗಿಸೋಣ. ಮೇಜರ್ ಕಾರ್ಡಿಗೆ ಒಂದು ಸುಲಭ ಸೂತ್ರವಿದೆ. ಕಪ್ಪಿರಲಿ ಬಿಳಿಯಿರಲಿ, ಪಕ್ಕದ ಮನೆಗೆ ಹೋಗುವುದನ್ನು ಒಂದು ಹೆಜ್ಜೆ ಎಂದು ಎಣಿಸಿ. ಯಾವ ಮನೆಯಿಂದ ಹೊರಟರೂ ನಾಲ್ಕು ಹೆಜ್ಜೆಗೆ ಎರಡನೆಯ ಸ್ವರ, ಅಲ್ಲಿಂದ ಮೂರು ಹೆಜ್ಜೆಗೆ ಮೂರನೆಯ ಸ್ವರ. ಒಂದು ಸ್ಥಾಯಿಯಲ್ಲಿ ಮನೆಗಳು 12. ಆದ್ದರಿಂದ ಮೇಜರ್ ಕಾರ್ಡುಗಳೂ 12. ಹೆಜ್ಜೆಗಳನ್ನು ತಿರುವುಮುರುವು ಮಾಡಿ ಮೊದಲು ಮೂರು, ಆಮೇಲೆ ನಾಲ್ಕು ಎಂದರೆ ಅದು ಮೈನರ್ ಕಾರ್ಡ್. ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬಂದ ಹಾಗೆ. ನಾದಕ್ಕೆ ಒಮ್ಮೆಲೇ ಮೋಡ ಕವಿಯುತ್ತದೆ.

ಹನ್ನೆರಡನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕಣ್ಣಿಗೆ ಕಾಣುವ ವಿನ್ಯಾಸದಿಂದಲೇ ಅವನ್ನು ಮೂರು ಮೂರರ ಗುಂಪು ಮಾಡಬಹುದು. ಸಿ, ಎಫ್, ಜಿ ಈ ಮೂರರಲ್ಲಿ ಎಲ್ಲವೂ ಬಿಳಿ ಮನೆಗಳು. ಡಿ, ಇ, ಎ ಈ ಮೂರರಲ್ಲಿ ಅಕ್ಕಪಕ್ಕ ಬಿಳಿ, ನಡುವೆ ಕಪ್ಪು. ಈ ಮೂರನ್ನೇ ಒಂದೊಂದು ಹೆಜ್ಜೆ ಕೆಳಗಿಳಿಸಿದರೆ ಬರುವ ಡಿ ಫ್ಲ್ಯಾಟ್, ಇ ಫ್ಲ್ಯಾಟ್, ಎ ಫ್ಲ್ಯಾಟ್ ಕಾರ್ಡುಗಳಲ್ಲಿ ಅಕ್ಕಪಕ್ಕ ಕಪ್ಪು, ನಡುವೆ ಬಿಳಿ. ಉಳಿದ ಮೂರು ತಮ್ಮ ತಮ್ಮ ದಾರಿ ಹಿಡಿದವು. ಎಫ್ ಶಾರ್ಪ್ ಕಾರ್ಡಿನಲ್ಲಿ ಮೂರೂ ಕಪ್ಪು. ಬಿ ಕಾರ್ಡಿನಲ್ಲಿ ಒಂದು ಬಿಳಿ, ಎರಡು ಕಪ್ಪು. ಬಿ ಫ್ಲ್ಯಾಟಿನಲ್ಲಿ ಒಂದು ಕಪ್ಪು, ಎರಡು ಬಿಳಿ.

ಕಲಿಯುವವರು ಸಾಮಾನ್ಯವಾಗಿ ಸಿ, ಎಫ್, ಜಿ ಈ ಮೂರರಿಂದಲೇ ಶುರು ಮಾಡುತ್ತಾರೆ. ಸುಲಭವೆಂಬುದು ಒಂದೇ ಕಾರಣವಲ್ಲ. ಸಿ-ಇ-ಜಿ, ಎಫ್-ಎ-ಸಿ, ಜಿ-ಬಿ-ಡಿ ಎಂದು ಬರೆದು ನೋಡಿ; ಏಳೂ ಬಿಳಿ ಸ್ವರಗಳು ಇದರೊಳಗೆ ಬಂದುಹೋದವು. ಅಂದರೆ ನಮ್ಮ ಧೀರಶಂಕರಾಭರಣ ಮೇಳದ ಸಪ್ತಸ್ವರಗಳಲ್ಲಿ ಯಾವುದನ್ನು ಹಾಡಿದರೂ ಅದಕ್ಕೆ ಆಸರೆಯಾಗಿ ಈ ಮೂರರಲ್ಲಿ ಒಂದಾದರೂ ಕಾರ್ಡು ಇದ್ದೇ ಇರುತ್ತದೆ. ಯೂರೋಪಿನ ಎಷ್ಟೋ ಜನಪದ ಹಾಡುಗಳು, ಚರ್ಚಿನ ಭಜನೆಗಳು, ಇಪ್ಪತ್ತನೆಯ ಶತಮಾನದ ಜನಪ್ರಿಯ ಗೀತೆಗಳು ಈ ಮೂರೇ ಕಾರ್ಡುಗಳ ಮೇಲೆ ನಿಂತಿರುವುದಕ್ಕೆ ಇದೇ ಕಾರಣ.

ತಂಬೂರಿಯೊಳಗಿನ ಗಾಂಧಾರ

ಈ ಮೂರು ಸ್ವರಗಳೇ ಯಾಕೆ ಇಷ್ಟು ಹೊಂದುತ್ತವೆ? ಉತ್ತರಕ್ಕೆ ಪಿಯಾನೊ ಬಿಟ್ಟು ತಂಬೂರಿಯ ಬಳಿ ಬರಬೇಕು. ಚೆನ್ನಾಗಿ ಶ್ರುತಿಗೊಂಡ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆಂಬುದು ಕಛೇರಿಗಳಿಗೆ ಹೋಗುವವರಿಗೆ ಗೊತ್ತು. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು ಭಾಗವಾಗಿ, ಮೂರಾಗಿ, ನಾಲ್ಕಾಗಿ, ಐದಾಗಿ, ಆರಾಗಿಯೂ ಕಂಪಿಸುತ್ತಿರುತ್ತದೆ. ನಾಲ್ಕನೆಯ ಉಪಸ್ವರ ಷಡ್ಜ, ಐದನೆಯದು ಅಂತರ ಗಾಂಧಾರ, ಆರನೆಯದು ಪಂಚಮ. ನಾಲ್ಕು, ಐದು, ಆರು ಎಂಬ ಈ ಅನುಪಾತವೇ ಮೇಜರ್ ಕಾರ್ಡಿನ ಬೇರು. ಪಿಯಾನೊ ಮೂರು ಬೆರಳಿನಿಂದ ನುಡಿಸುವುದನ್ನು ತಂಬೂರಿಯ ಒಂದೇ ತಂತಿ ತನ್ನೊಳಗೆ ಇಟ್ಟುಕೊಂಡಿದೆ.

ಪ್ರಕೃತಿಯಲ್ಲೇ ಇದ್ದರೂ ಯೂರೋಪಿನ ಸಂಗೀತ ಶಾಸ್ತ್ರ ಈ ಗಾಂಧಾರವನ್ನು ಬಹುಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಮಧ್ಯಯುಗದ ಶಾಸ್ತ್ರಕಾರರು ಪೈಥಾಗೊರಸನ ಹಾದಿಯವರು. ಅವರಿಗೆ ಷಡ್ಜ-ಪಂಚಮ ಸಂಬಂಧ, ಅಂದರೆ ಎರಡಕ್ಕೆ ಮೂರರ ಅನುಪಾತ, ಪವಿತ್ರ. ಉಳಿದ ಸ್ವರಗಳನ್ನೆಲ್ಲ ಪಂಚಮದಿಂದಲೇ ಹುಟ್ಟಿಸುತ್ತಿದ್ದರು. ಷಡ್ಜದಿಂದ ಪಂಚಮ, ಅದರ ಪಂಚಮ, ಹೀಗೆ ನಾಲ್ಕು ಸಲ ಏರಿದರೆ ಗಾಂಧಾರ ಸಿಗುತ್ತದೆ. ಆದರೆ ಆ ಗಾಂಧಾರ 81ಕ್ಕೆ 64ರ ಅನುಪಾತದ್ದು. ತಂಬೂರಿಯ ಗಾಂಧಾರ 80ಕ್ಕೆ 64, ಅಂದರೆ 5ಕ್ಕೆ 4. ಕೂದಲೆಳೆಯ ವ್ಯತ್ಯಾಸವೇನೋ ಸರಿ, ಆದರೆ ಒಟ್ಟಿಗೆ ಹಿಡಿದು ನಿಲ್ಲಿಸಿದಾಗ ಕಿವಿಗೆ ಮುಳ್ಳಿನಂತೆ ಚುಚ್ಚುತ್ತದೆ. ಹೀಗಾಗಿ ಗಾಂಧಾರವನ್ನು ಅಪೂರ್ಣ ಸಂವಾದಿಯೆಂದು ಕರೆದು ದೂರವಿಟ್ಟರು. ಹಾಡು ಮುಗಿಯುವಾಗ ನೆಲೆ ನಿಲ್ಲುತ್ತಿದ್ದದ್ದು ಸ ಮತ್ತು ಪ ಮಾತ್ರ; ನಡುವಿನ ಕುರ್ಚಿ ಖಾಲಿ.

ಆ ಕುರ್ಚಿ ತುಂಬಿಸಿದವರು ಪಂಡಿತರಲ್ಲ, ಹಾಡುಗಾರರು. ಹದಿನೈದನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಾಂಧಾರ ಸೇರಿಸಿ ಹಾಡುವ ರೂಢಿ ಬಲವಾಗಿತ್ತು. 1453ರಲ್ಲಿ ತೀರಿಕೊಂಡ ಜಾನ್ ಡನ್‌ಸ್ಟಬಲ್‌ನಂಥವರ ರಚನೆಗಳ ಮೂಲಕ ಆ ಸವಿ ಫ್ರಾನ್ಸಿನ ಕಡೆಗೂ ಹರಿಯಿತು. ಮನುಷ್ಯನ ಕೊರಳಿಗೆ ಮನೆಗಳಿಲ್ಲ, ಮೆಟ್ಟಿಲುಗಳಿಲ್ಲ. ಪಕ್ಕದವನ ದನಿಗೆ ಹೊಂದುವ ಗಾಂಧಾರವನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಶಾಸ್ತ್ರ ಹಿಂದಿನಿಂದ ಬಂತು. 1558ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜೊಸೆಫೊ ಜಾರ್ಲಿನೊ, ಒಂದರಿಂದ ಆರರವರೆಗಿನ ಅಂಕಿಗಳಲ್ಲೇ ಸುಸ್ವರದ ಗುಟ್ಟಿದೆ ಎಂದು ವಾದಿಸಿ 5ಕ್ಕೆ 4ರ ಗಾಂಧಾರಕ್ಕೆ ಮಾನ್ಯತೆ ಕೊಟ್ಟ. ಅದಕ್ಕೆ ಎಂಟು ವರ್ಷ ಮೊದಲು, 1550ರಲ್ಲಿ, ನಮ್ಮ ವಿಜಯನಗರದಲ್ಲಿ ರಾಮಾಮಾತ್ಯ ತನ್ನ 'ಸ್ವರಮೇಳಕಲಾನಿಧಿ'ಯಲ್ಲಿ ವೀಣೆಯ ಮೆಟ್ಟಿಲುಗಳನ್ನು ಕೂರಿಸುವ ಕ್ರಮ ಹೇಳುತ್ತ ಸ್ವಯಂಭೂ ಸ್ವರಗಳ ಮಾತೆತ್ತಿದ್ದ. ಸ್ವರ ನಾವು ಕಟ್ಟಿದ್ದೋ, ತಾನಾಗಿ ಹುಟ್ಟಿದ್ದೋ ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಕಾಲಕ್ಕೆ ಎದ್ದಿತ್ತೆಂಬುದು ಗಮನಾರ್ಹ.

ಕೂಡದ ಲೆಕ್ಕ

ಕೊರಳಿಗಿಲ್ಲದ ತೊಡಕು ಮನೆಗಳಿರುವ ವಾದ್ಯಕ್ಕಿದೆ. ಪಿಯಾನೊ ಹುಟ್ಟುವ ಮೊದಲೇ ಆರ್ಗನ್, ಹಾರ್ಪ್ಸಿಕಾರ್ಡ್‌ಗಳು ಈ ಕಷ್ಟವನ್ನು ಎದುರಿಸಿದ್ದವು. ಶುದ್ಧ ಗಾಂಧಾರ 5ಕ್ಕೆ 4. ಷಡ್ಜದಿಂದ ಒಂದು ಗಾಂಧಾರ, ಅದರ ಗಾಂಧಾರ, ಅದರದೂ ಗಾಂಧಾರ ಎಂದು ಮೂರು ಸಲ ಏರಿದರೆ ಮೇಲಿನ ಷಡ್ಜಕ್ಕೆ, ಅಂದರೆ ಎರಡು ಪಟ್ಟಿಗೆ, ತಲುಪಬೇಕು. ಗುಣಿಸಿ ನೋಡಿದರೆ ಸಿಗುವುದು 1.953. ಅಷ್ಟು ಕಡಿಮೆ ಬಿತ್ತು. ಪಂಚಮಗಳ ಕತೆ ಇದಕ್ಕೆ ತದ್ವಿರುದ್ಧ. ಹನ್ನೆರಡು ಪಂಚಮ ಏರಿದರೆ ಏಳು ಸ್ಥಾಯಿ ಆಗಬೇಕು. ಏಳು ಸ್ಥಾಯಿ ಎಂದರೆ 128 ಪಟ್ಟು. ಹನ್ನೆರಡು ಶುದ್ಧ ಪಂಚಮಗಳು 129.7ಕ್ಕೆ ಹೋಗಿ ನಿಲ್ಲುತ್ತವೆ. ಇದು ಯಾರ ತಪ್ಪೂ ಅಲ್ಲ. ಎರಡು, ಮೂರು, ಐದು ಎಂಬ ಅಂಕಿಗಳ ಸ್ವಭಾವವೇ ಹಾಗೆ. ಎಲ್ಲ ಪಂಚಮ, ಎಲ್ಲ ಗಾಂಧಾರ, ಎಲ್ಲ ಸ್ಥಾಯಿಗಳೂ ಶುದ್ಧವಾಗಿರುವ ಹನ್ನೆರಡು ಮನೆಗಳ ವಾದ್ಯವನ್ನು ಬ್ರಹ್ಮನೂ ಮಾಡಲಾರ.

ಹಾಗಾದರೆ ಏನನ್ನು ಬಿಟ್ಟುಕೊಡುವುದು? 1523ರಲ್ಲಿ ಇಟಲಿಯ ಪಿಯೆತ್ರೊ ಆರಾನ್ ವಿವರಿಸಿದ ಶ್ರುತಿ ಕ್ರಮದಲ್ಲಿ ಪಂಚಮಗಳನ್ನು ತುಸು ಕುಗ್ಗಿಸಿ ಗಾಂಧಾರವನ್ನು ಶುದ್ಧವಾಗಿ ಉಳಿಸಿಕೊಳ್ಳಲಾಯಿತು. ಈ ಬಗೆಯ ಶ್ರುತಿಯಲ್ಲಿ ಎಂಟು ಮೇಜರ್ ಕಾರ್ಡುಗಳ ಗಾಂಧಾರ ಜೇನಿನಂತೆ. ಉಳಿದ ನಾಲ್ಕರದು ಹೇಳಲಾಗದಷ್ಟು ಕರ್ಕಶ; ಕುಗ್ಗಿಸಿದ್ದೆಲ್ಲ ಸೇರಿ ಒಂದು ಮೂಲೆಯಲ್ಲಿ ರಾಶಿ ಬಿದ್ದಿತ್ತು. ಆ ಮೂಲೆಯ ಕೆಟ್ಟ ಪಂಚಮಕ್ಕೆ 'ತೋಳ' ಎಂದೇ ಹೆಸರಾಯಿತು, ಅಲ್ಲಿ ನಾದ ಊಳಿಡುತ್ತಿತ್ತು. ಸುಮಾರು ಎರಡು ಶತಮಾನ ಯೂರೋಪಿನ ಸಂಗೀತಗಾರರು ತೋಳ ಮಲಗಿರುವ ಮೂಲೆಯತ್ತ ಹೋಗದೆ ಎಚ್ಚರದಿಂದ ನುಡಿಸಿದರು. ಅಂದಿನ ವಿದ್ಯಾರ್ಥಿಗೆ 'ನಾಲ್ಕು ಮತ್ತು ಮೂರು ಹೆಜ್ಜೆ' ಎಂಬ ಸೂತ್ರ ಹೇಳಿಕೊಟ್ಟಿದ್ದರೆ ಹನ್ನೆರಡರಲ್ಲಿ ನಾಲ್ಕು ಸಲ ಅದು ಕೈಕೊಡುತ್ತಿತ್ತು.

1722

ಫ್ಲಾರೆನ್ಸಿನ ಮೆಡಿಚಿ ರಾಜಕುಮಾರನ ಆಶ್ರಯದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ತಂತಿಯನ್ನು ಮೀಟುವ ಬದಲು ಪುಟ್ಟ ಸುತ್ತಿಗೆಯಿಂದ ಹೊಡೆಯುವ ವಾದ್ಯವನ್ನು ಕಟ್ಟಿದ. 1700ರ ಒಂದು ದಾಸ್ತಾನು ಪಟ್ಟಿಯಲ್ಲಿ ಅದರ ಉಲ್ಲೇಖವಿದೆ. ಮೆಲ್ಲಗೂ ಜೋರಾಗಿಯೂ ನುಡಿಯಬಲ್ಲ ಈ ವಾದ್ಯವೇ ಪಿಯಾನೊ. ಅವನ ಕೈಯಿಂದ ಬಂದ 1720ರ ಪಿಯಾನೊ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಪಿಯಾನೊ ಇನ್ನೂ ಕೂಸಾಗಿದ್ದಾಗಲೇ, 1722ರಲ್ಲಿ, ಎರಡು ಮುಖ್ಯ ಘಟನೆಗಳು ನಡೆದವು. ಜರ್ಮನಿಯಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಹನ್ನೆರಡು ಮೇಜರ್, ಹನ್ನೆರಡು ಮೈನರ್ ಹೀಗೆ 24 ಶ್ರುತಿಗಳಲ್ಲೂ ರಚನೆಗಳಿರುವ ಹಸ್ತಪ್ರತಿಯನ್ನು ಸಿದ್ಧಮಾಡಿದ. ಚೆನ್ನಾಗಿ ಶ್ರುತಿಗೊಳಿಸಿದ ವಾದ್ಯಕ್ಕಾಗಿ ಎಂಬುದೇ ಅದರ ಹೆಸರು. ಎಲ್ಲ ಮನೆಗಳಿಂದಲೂ ಹೊರಡಬಹುದು, ತೋಳಕ್ಕೆ ಹೆದರಬೇಕಿಲ್ಲ ಎಂದು ಅವನು ನುಡಿಸಿ ತೋರಿಸಿದ. ಆ ಸಂಪುಟದ ಮೊದಲ ರಚನೆ ತೆರೆದುಕೊಳ್ಳುವುದು ಸಿ, ಇ, ಜಿ ಸ್ವರಗಳನ್ನು ಒಂದಾದಮೇಲೊಂದು ಬಿಡಿಸಿ ನುಡಿಸುವುದರಿಂದ; ನಮ್ಮ ಮಗುವಿನ ಮೊದಲ ಪಾಠವೇ ಅದು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಜಾನ್ ಫಿಲಿಪ್ ರಾಮೊ ಹಾರ್ಮನಿ ಶಾಸ್ತ್ರದ ಗ್ರಂಥವೊಂದನ್ನು ಪ್ರಕಟಿಸಿದ. ಸಿ-ಇ-ಜಿ ಎಂದು ಒತ್ತಿದರೂ, ಇ-ಜಿ-ಸಿ ಎಂದರೂ, ಜಿ-ಸಿ-ಇ ಎಂದರೂ ಅದು ಒಂದೇ ಕಾರ್ಡು, ಅದರ ಮೂಲ ಸಿ ಎಂದು ಅವನು ಖಚಿತವಾಗಿ ಹೇಳಿದ. ಇಂದು ಪಿಯಾನೊ ಮೇಷ್ಟರು ಎರಡನೆಯ ತಿಂಗಳಲ್ಲಿ ಹೇಳಿಕೊಡುವ 'ಇನ್ವರ್ಷನ್' ಪಾಠ ಇದೇ.

ಬಾಖ್ ಬಳಸಿದ ಶ್ರುತಿ ಇಂದಿನ ಪಿಯಾನೊದ ಶ್ರುತಿಯೇ ಆಗಿರಬೇಕೆಂದೇನಿಲ್ಲ. ಇಂದಿನದು ಸಮಭಾಗದ ಶ್ರುತಿ. ಸ್ಥಾಯಿಯನ್ನು ಹನ್ನೆರಡು ಸರಿಸಮ ಹೆಜ್ಜೆ ಮಾಡಿ, ಪ್ರತಿ ಹೆಜ್ಜೆಗೂ ಕಂಪನ 1.05946 ಪಟ್ಟು ಏರುವಂತೆ ಇಡುವುದು. ಈ ಲೆಕ್ಕ ಹೊಸದಲ್ಲ; ಚೀನಾದ ಮಿಂಗ್ ರಾಜವಂಶದ ಝು ಝೈಯು 1584ರಲ್ಲೇ ಅದನ್ನು ಮಾಡಿಟ್ಟಿದ್ದ. ಯೂರೋಪಿನ ಪಿಯಾನೊ ಕಾರ್ಖಾನೆಗಳಲ್ಲಿ ಅದು ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ರಚನೆಕಾರರು ಒಂದೇ ಕೃತಿಯಲ್ಲಿ ಹತ್ತಾರು ಸಲ ಷಡ್ಜ ಬದಲಿಸತೊಡಗಿದ್ದರು. ನಾಲ್ಕು ಕಾರ್ಡುಗಳನ್ನು ಮುಟ್ಟಬೇಡಿ ಎಂದು ಅವರಿಗೆ ಹೇಳುವಂತಿರಲಿಲ್ಲ.

ಬೆಲೆಯನ್ನು ಎಲ್ಲರಿಗೂ ಸಮನಾಗಿ ಹಂಚಲಾಯಿತು. ಪಿಯಾನೊದ ನಡುವಿನ ಸಿ ಸೆಕೆಂಡಿಗೆ 261.6 ಕಂಪನ. ಶುದ್ಧ ಲೆಕ್ಕದಲ್ಲಿ ಅದರ ಪಂಚಮ 392.4 ಇರಬೇಕು, ಪಿಯಾನೊದಲ್ಲಿ 392.0 ಇದೆ, ಗೊತ್ತೇ ಆಗದು. ಗಾಂಧಾರ 327.0 ಇರಬೇಕಾದದ್ದು 329.6 ಆಗಿದೆ. ಸಿ ಮತ್ತು ಇ ಎರಡನ್ನೇ ಒತ್ತಿ ಹಿಡಿದರೆ ಅವುಗಳ ಉಪಸ್ವರಗಳು ಒಂದಕ್ಕೊಂದು ತಾಗಿ ಸೆಕೆಂಡಿಗೆ ಸುಮಾರು ಹತ್ತು ಸಲ ಮಿಡಿಯುತ್ತವೆ. ಪಿಯಾನೊ ಶ್ರುತಿ ಮಾಡುವವರು ಈ ಮಿಡಿತವನ್ನು ಕಿವಿಯಲ್ಲೇ ಅಳೆಯುತ್ತಾರೆ. ಅದು ಇಲ್ಲದಂತೆ ಮಾಡುವುದು ಅವರ ಕೆಲಸವಲ್ಲ; ಎಲ್ಲ ಕಡೆಯೂ ತಕ್ಕ ಪ್ರಮಾಣದಲ್ಲಿ ಇರುವಂತೆ ನೋಡಿಕೊಳ್ಳುವುದು ಅವರ ಕೆಲಸ. ಇದನ್ನು ಒಪ್ಪದವರೂ ಇದ್ದರು. ನಾದದ ಭೌತಶಾಸ್ತ್ರದ ಬಗ್ಗೆ 1863ರಲ್ಲಿ ಮೇರು ಗ್ರಂಥ ಬರೆದ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಶುದ್ಧ ಅನುಪಾತಗಳಿಗೆ ಹತ್ತಿರವಾದ ಹಾರ್ಮೋನಿಯಂ ಒಂದನ್ನು ಮಾಡಿಸಿಕೊಂಡು, ಕಳೆದುಹೋದದ್ದೇನೆಂದು ಕೇಳಿಸಿಕೊಳ್ಳುತ್ತಿದ್ದ.

ನಮ್ಮ ಕಡೆ ಬಂದಾಗ

ನಮ್ಮ ಸಂಗೀತ ಈ ವ್ಯಾಪಾರಕ್ಕೆ ಇಳಿಯಲೇ ಇಲ್ಲ, ಯಾಕೆಂದರೆ ಅದರ ಅಗತ್ಯವೇ ಬೀಳಲಿಲ್ಲ. ಕಛೇರಿ ಮುಗಿಯುವವರೆಗೂ ತಂಬೂರಿಯ ಷಡ್ಜ ಒಂದೇ. ಷಡ್ಜ ಅಲುಗದಿದ್ದರೆ ಗಾಂಧಾರವನ್ನು ಅದರ ಜಾಗದಿಂದ ಏಳಿಸುವ ಕಾರಣವೇನು? ಮುತ್ತುಸ್ವಾಮಿ ದೀಕ್ಷಿತರು (1775-1835) ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಶಂಕರಾಭರಣದ ಸ್ವರಗಳಲ್ಲಿ ಸಂಸ್ಕೃತ ಸಾಹಿತ್ಯ ಕೂಡಿಸಿ 'ನೋಟ್ಟುಸ್ವರ'ಗಳನ್ನು ರಚಿಸಿದರು. ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟಿಗೂ ಅವರ ಸಾಹಿತ್ಯವಿದೆ. ಅವರು ಬ್ಯಾಂಡಿನಿಂದ ಮಟ್ಟನ್ನು ಮಾತ್ರ ತೆಗೆದುಕೊಂಡರು, ಕಾರ್ಡುಗಳನ್ನು ಅಲ್ಲೇ ಬಿಟ್ಟರು.

ಒಪ್ಪಂದ ನಮ್ಮ ಮನೆಯೊಳಗೆ ಬಂದದ್ದು ಹಾರ್ಮೋನಿಯಂ ಮೂಲಕ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಹಕ್ಕುಸ್ವಾಮ್ಯ ಪಡೆದ ಆ ವಾದ್ಯ, ಕಲ್ಕತ್ತೆಯ ದ್ವಾರಕಾನಾಥ ಘೋಷರಂಥವರ ಕೈಯಲ್ಲಿ ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆಯಾಯಿತು. ಏರಿಸಿಟ್ಟ ಗಾಂಧಾರವೂ ಅದರ ಜೊತೆಗೇ ಬಂತು. ಆಕಾಶವಾಣಿ 1940ರ ಮಾರ್ಚಿನಿಂದ ಹಾರ್ಮೋನಿಯಮ್ಮನ್ನು ನಿಷೇಧಿಸಿತು; ಈ ಬಂಧನ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಗಮಕ ನುಡಿಯದು ಎಂಬುದರ ಜೊತೆಗೆ ಅದರ ಸ್ವರಗಳೇ ನಮ್ಮ ಶ್ರುತಿಯವಲ್ಲ ಎಂಬುದೂ ದೊಡ್ಡ ಆಕ್ಷೇಪಣೆಯಾಗಿತ್ತು. ಷಡ್ಜ ಬದಲಿಸದ ಸಂಗೀತಕ್ಕೆ ಷಡ್ಜ ಬದಲಿಸುವವರ ಶ್ರುತಿ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಇದಕ್ಕೆ ಬೇರೆಯೇ ಉತ್ತರ ಕೊಟ್ಟಿತ್ತು. ನಾಯಕನದು ಒಂದು ಶ್ರುತಿ, ನಾಯಕಿಯದು ಇನ್ನೊಂದು. ಒಬ್ಬರಿಗೆ ಬಿಳಿ ಒಂದು, ಮತ್ತೊಬ್ಬರಿಗೆ ಕಪ್ಪು ಎರಡು. ಒಂದೇ ಪೆಟ್ಟಿಗೆಯಲ್ಲಿ ಕ್ಷಣಾರ್ಧದಲ್ಲಿ ಯಾವ ಮನೆಯನ್ನಾದರೂ ಷಡ್ಜ ಮಾಡಿಕೊಂಡು ಮಾಸ್ತರು ರಂಗಗೀತೆ ಎತ್ತಿಕೊಳ್ಳಲು ಸಾಧ್ಯವಾದದ್ದು ಹನ್ನೆರಡು ಹೆಜ್ಜೆಗಳೂ ಸರಿಸಮ ಇದ್ದುದರಿಂದಲೇ. ಬೆಲೆ ತೆತ್ತ ಕಡೆ ಲಾಭವೂ ಸಿಕ್ಕಿತ್ತು.

ಎರಡೂ ಶ್ರುತಿಗಳನ್ನು ಒಂದೇ ಕಿವಿಯಲ್ಲಿ ಇಟ್ಟುಕೊಂಡವರೂ ನಮ್ಮಲ್ಲಿದ್ದರು. ಮೈಸೂರು ಆಸ್ಥಾನದ ವೀಣೆ ಶೇಷಣ್ಣನವರು (1852-1926) ಪಿಯಾನೊ ಕೂಡ ನುಡಿಸುತ್ತಿದ್ದರು. ಜಯಚಾಮರಾಜೇಂದ್ರ ಒಡೆಯರು (1919-1974) ಪಿಯಾನೊ ವಾದನದಲ್ಲಿ ಪಳಗಿದ್ದವರು. ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ರಷ್ಯದ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ತನ್ನ ಪಿಯಾನೊ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದವರೂ ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದನ್ನು ಮೆಚ್ಚಲು ಇನ್ನೊಂದನ್ನು ಹಳಿಯಬೇಕೆಂದು ಅವರಿಗೆ ಅನ್ನಿಸಲಿಲ್ಲ.

ಮತ್ತೆ ಮೊದಲ ಪಾಠಕ್ಕೆ

ಈ ಮೂರು ಸ್ವರಗಳಿಂದ ಏನೇನು ಕಟ್ಟಿದ್ದಾರೆಂದು ನೋಡಿದರೆ ಬೆರಗಾಗುತ್ತದೆ. ಬೇಥೊವನ್‌ನ ಮೂರನೆಯ ಸಿಂಫನಿ ತೆರೆಯುವುದು ಇ ಫ್ಲ್ಯಾಟ್ ಮೇಜರ್ ಕಾರ್ಡಿನ ಎರಡು ಹೊಡೆತಗಳಿಂದ. 1869ರಲ್ಲಿ ಮೊದಲ ಪ್ರದರ್ಶನ ಕಂಡ ವಾಗ್ನರ್‌ನ ಒಂದು ಸಂಗೀತ ನಾಟಕದ ಆರಂಭದಲ್ಲಿ ಅದೇ ಕಾರ್ಡು 136 ಆವರ್ತಗಳವರೆಗೆ ಬದಲಾಗದೆ ನದಿಯಂತೆ ಹರಿಯುತ್ತದೆ. 1967ರ ಫೆಬ್ರವರಿ 22ರಂದು ಲಂಡನ್ನಿನಲ್ಲಿ ಬೀಟಲ್ಸ್ ತಂಡದವರು ಹಾಡೊಂದರ ಕೊನೆಗೆಂದು ಹಲವು ಪಿಯಾನೊ ಮತ್ತು ಒಂದು ಹಾರ್ಮೋನಿಯಮ್ಮಿನ ಮೇಲೆ ಇ ಮೇಜರ್ ಕಾರ್ಡನ್ನು ಒಮ್ಮೆಲೇ ಒತ್ತಿ, ನಲವತ್ತಕ್ಕೂ ಹೆಚ್ಚು ಸೆಕೆಂಡು ಅದು ಆರುವವರೆಗೂ ಹಿಡಿದರು.

ಮನೆಯಲ್ಲಿ ಕೀಬೋರ್ಡ್ ಇರುವವರು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ತಂಬೂರಿಯನ್ನೋ ಶ್ರುತಿಪೆಟ್ಟಿಗೆಯನ್ನೋ ಸಿ ಶ್ರುತಿಗೆ ಇಟ್ಟುಕೊಂಡು, ಅಂತರ ಗಾಂಧಾರವನ್ನು ಅದರಲ್ಲಿ ಕರಗುವ ಹಾಗೆ ಹಾಡಿ ನಿಲ್ಲಿಸಿ. ಹಾಡುತ್ತಿರುವಂತೆಯೇ ಇ ಮನೆಯನ್ನು ಮೆಲ್ಲಗೆ ಒತ್ತಿ. ಎರಡರ ನಡುವೆ ಸಣ್ಣದೊಂದು ನಡುಕ ಕೇಳಿಸುತ್ತದೆ. ಅಷ್ಟು ದೂರ ಗಾಂಧಾರ ತನ್ನ ಜಾಗ ಬಿಟ್ಟು ಸರಿದಿದೆ. ಆಮೇಲೆ ಅದೇ ಕೈಯ ಅಳತೆಯಲ್ಲಿ, ನಾಲ್ಕು ಮತ್ತು ಮೂರು ಹೆಜ್ಜೆ ಎಣಿಸುತ್ತ, ಹನ್ನೆರಡೂ ಮೇಜರ್ ಕಾರ್ಡುಗಳನ್ನು ಒಂದಾದಮೇಲೊಂದು ನುಡಿಸಿ. ಎಲ್ಲಿಯೂ ತೋಳ ಊಳಿಡುವುದಿಲ್ಲ. ಗಾಂಧಾರ ಅಷ್ಟು ಸರಿದದ್ದಕ್ಕೆ ಸಿಕ್ಕಿದ್ದು ಇದು.